ಗಂತಿಯ ನಿಜವನ್ನರಿಯುವ ಬಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತನಾಡಿ ಕುಳಿತುಕೊಳ್ಳಬೇಕಾದ ಕನ್ನಡ ಪಂಡಿತನು ಈ ಸಲ ರೋಗದ ವಿಷಯವನ್ನೆತ್ತಿಕೊಂಡುದೇಕೆಂದು ತಮಗೆ ಆಶ್ಚರ್ಯವಾಗಬಹುದು. ಕಾರಣವನ್ನು ಮೊದಲೇ ಅರಿಕೆಮಾಡಿಬಿಡುತ್ತೇನೆ. ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲಗಳ ಕಡೆಯ ಕನ್ನಡ ಮನೆಗಳವರು ಆಸ್ಪತ್ರೆಯ ಕಾಗದವೊಂದು ಕೈಗೆ ಬಂದರೆ ಅದನ್ನು ಹಿಡಿದುಕೊಂಡು "ಇದರಲ್ಲೇನು ಬರೆದಿದೆ, ಓದಿ ಹೇಳಿ ಮೇಷ್ಟ್ರೆ" ಎಂದು ಬರುವುದು ಶಾಲೆಯ ಬಾಗಿಲಿಗೆ. ಕಾಗದವಿರುವುದು ಇಂಗ್ಲಿಷಿನಲ್ಲಿ, ವೈದ್ಯರು ವಿವರಿಸಿದುದು ತಮಿಳಿನಲ್ಲಿ, ಮನೆಯ ಹಿರಿಯರು ಕೂಡಿ ಯೋಚಿಸಬೇಕಾದುದು ಕನ್ನಡದಲ್ಲಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸುರಿಯುವಾಗ ಸ್ವಲ್ಪ ಸ್ವಲ್ಪ ಚೆಲ್ಲಿಹೋಗುವಂತೆ ಇಲ್ಲಿ ಅರ್ಥವೇ ಚೆಲ್ಲಿಹೋಗುತ್ತದೆ. ನಾನು ವೈದ್ಯನಲ್ಲ. ಪುಸ್ತಕಗಳಿಂದಲೂ, ನನ್ನ ಕೀಟಲೆಯ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರವಿತ್ತ ವೈದ್ಯಮಿತ್ರರಿಂದಲೂ ತಿಳಿದುಕೊಂಡುದನ್ನಷ್ಟೆ ಇಲ್ಲಿ ನಿವೇದಿಸುತ್ತೇನೆ.

ನಾನು ಹೇಳಬೇಕೆಂದಿರುವ ಮಾತು ಒಂದೇ. ದೇಹದಲ್ಲಿ ಕಂಡ ಗಂಟು ಯಾವುದೆಂಬುದನ್ನು ಕಣ್ಣು ನಿಶ್ಚಯಿಸಲಾರದು, ಕೈ ನಿಶ್ಚಯಿಸಲಾರದು, ಸ್ಕ್ಯಾನಿನ ಚಿತ್ರವೂ ಎಷ್ಟೋ ವೇಳೆ ಊಹೆಯಲ್ಲೇ ನಿಲ್ಲುತ್ತದೆ. ಅದರ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಲ್ಲವರು ಓದಿದಾಗ ಅದಕ್ಕೆ ಹೆಸರು ಬರುತ್ತದೆ. ಹೆಸರು ಬಂದ ಮೇಲೆ ಚಿಕಿತ್ಸೆ. ಹೀಗಿರುವಲ್ಲಿ, ಆ ಚೂರನ್ನು ತೆಗೆಸುವುದಕ್ಕೆ ಹೆದರಿ ತಿಂಗಳುಗಟ್ಟಲೆ ಕಾಲ ಕಳೆಯುವುದೂ, ತೆಗೆದ ಚೂರನ್ನು ಯಾರಿಗೂ ತೋರಿಸದೆ ಎಸೆದುಬಿಡುವುದೂ ನಮ್ಮಲ್ಲಿ ಇಂದಿಗೂ ನಡೆಯುತ್ತಿದೆ.

ಮೊದಲು ಪದವಿಚಾರ, ಅದು ನನಗೆ ಪರಿಚಿತವಾದ ನೆಲ. ಅಂಗಾಂಶವೆಂದರೆ ಟಿಶ್ಯೂ. ಬಾಳೆ ಬೆಳೆಯುವ ನಮ್ಮ ರೈತರಿಗೆ ಈ ಮಾತು ಹೊಸದಲ್ಲ. ಅಂಗಾಂಶ ಕೃಷಿಯ ಸಸಿಗಳನ್ನು ಅವರು ತಂದು ನೆಡುತ್ತಲೇ ಇದ್ದಾರೆ. ಒಂದೇ ಬಗೆಯ ಜೀವಕೋಶಗಳು ಒಂದು ಕೆಲಸಕ್ಕಾಗಿ ಹೆಣೆದುಕೊಂಡು ನಿಂತಾಗ ಅದು ಅಂಗಾಂಶ. ಕೆಲವು ಪುಸ್ತಕಗಳಲ್ಲಿ ಊತಕ ಎಂಬ ಮಾತೂ ಉಂಟು. ಸಂಸ್ಕೃತದಲ್ಲಿ ಊತವೆಂದರೆ ನೆಯ್ದದ್ದು; ಹಾಸುಹೊಕ್ಕು ಎಂಬರ್ಥದ ಓತಪ್ರೋತವೂ ಅದರ ಬಂಧುವೇ. ಟಿಶ್ಯೂ ಎಂಬುದರ ಮೂಲವಾದ ಫ್ರೆಂಚ್ ಮಾತಿಗೂ ನೆಯ್ದ ಬಟ್ಟೆಯೆಂದೇ ಅರ್ಥವಂತೆ. ಎರಡು ದೂರದ ದೇಶಗಳವರು ದೇಹವನ್ನು ಮಗ್ಗದ ಮೇಲಿನ ಬಟ್ಟೆಯಾಗಿ ಕಂಡುದು ಸೊಗಸಾದ ಸಂಗತಿ. ಆದರೆ ಕನ್ನಡದಲ್ಲಿ ಊತವೆಂದೊಡನೆ ಬಾವು ನೆನಪಾಗುವುದರಿಂದ ಅಂಗಾಂಶವೇ ಲೇಸೆಂದು ನನ್ನ ಅಭಿಪ್ರಾಯ. ಬಯಾಪ್ಸಿ ಎಂಬುದು ಗ್ರೀಕ್ ಮಾತುಗಳಿಂದ ಕೂಡಿಸಿದ ಪದ. ಜೀವ ಮತ್ತು ನೋಟ ಎಂಬೆರಡು ಅರ್ಥಗಳು ಅದರಲ್ಲಿ ಸೇರಿವೆ. 1879ರಲ್ಲಿ ಬೆನಿಯೆ ಎಂಬ ಫ್ರೆಂಚ್ ಚರ್ಮವೈದ್ಯನು ಅದನ್ನು ಬಳಕೆಗೆ ತಂದನು. ಮರಣಾನಂತರ ಶವವನ್ನು ಕೊಯ್ದು ನೋಡುವುದು ಬೇರೆ; ಜೀವವಿರುವಾಗಲೇ ನೋಡುವುದು ಇದು.

ಇನ್ನು ಕ್ಯಾನ್ಸರ್. ಲ್ಯಾಟಿನ್ನಿನ ಕ್ಯಾನ್ಸರಿಗೂ ಗ್ರೀಕಿನ ಕಾರ್ಕಿನೋಸಿಗೂ ಏಡಿಯೆಂದು ಅರ್ಥ. ನಮ್ಮ ಕರ್ಕಾಟಕ ರಾಶಿಯೂ ಅದೇ ಪ್ರಾಣಿ. ಕನ್ನಡದ ವೈದ್ಯಲೇಖಕರು ಬಳಸಿದ ಏಡಿಗಂತಿ ಎಂಬುದು ನಾಲಿಗೆಗೆ ಒಗ್ಗುವ ಒಳ್ಳೆಯ ಪದ. ಆದರೆ ಅದು ಪುಸ್ತಕ ಬಿಟ್ಟು ಮನೆಯೊಳಕ್ಕೆ ಬರಲಿಲ್ಲ. ಮನೆಗಳಲ್ಲಿ ಹೆಸರನ್ನೇ ಹೇಳುವುದಿಲ್ಲ. "ಆ ಕಾಯಿಲೆ" ಎನ್ನುತ್ತಾರೆ. ಹೆಸರು ಹೇಳಿದರೆ ಬಂದೀತೆಂಬ ಅಂಜಿಕೆಯಿರುವ ಕಡೆ, ಹೆಸರನ್ನು ಹುಡುಕುವುದೇ ಉದ್ದೇಶವಾದ ಪರೀಕ್ಷೆಗೆ ಜನ ಹಿಂಜರಿಯುವುದು ಸಹಜವೇ.

ಗಂಟುಗಳನ್ನು ಬೇರೆ ಬೇರೆಯಾಗಿ ವಿಂಗಡಿಸುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳಿಗೆಂದೇ ಒಂದು ಅಧ್ಯಾಯವಿದೆ. ಅರ್ಬುದವು ದುಂಡಗಿದ್ದು, ಅಲುಗದೆ, ಹೆಚ್ಚು ನೋವಿಲ್ಲದೆ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು, ಕೀವಾಗದೆ ನಿಲ್ಲುತ್ತದೆಂದು ಅಲ್ಲಿ ಹೇಳಿದೆ. ಒಮ್ಮೆ ಬಂದ ಎಡೆಯಲ್ಲೇ ಮತ್ತೊಂದು ಹುಟ್ಟುವುದಕ್ಕೆ ಅಧ್ಯರ್ಬುದವೆಂಬ ಪ್ರತ್ಯೇಕ ಹೆಸರೂ ಉಂಟು. ಬೆರಳಿನಿಂದಲೂ ಕಣ್ಣಿನಿಂದಲೂ ತಿಳಿಯಬಹುದಾದುದನ್ನೆಲ್ಲ ಆ ಹಿರಿಯರು ತಿಳಿದಿದ್ದರು. ಗಂಟಿನ ಒಳಗಿನ ನೇಯ್ಗೆಯನ್ನು ನೋಡುವ ಉಪಕರಣ ಅವರಲ್ಲಿರಲಿಲ್ಲ. ಅದು ಬಂದು, ರೋಗದ ಮೂಲವನ್ನು ಜೀವಕೋಶದಲ್ಲಿ ಹುಡುಕಬೇಕೆಂದು ಬರ್ಲಿನ್ನಿನ ರುಡಾಲ್ಫ್ ವಿರ್ಚೋ ಉಪನ್ಯಾಸಗಳನ್ನು ಮಾಡಿದುದು 1858ರಲ್ಲಿ.

ಚೂರು ಓದುವ ಸ್ಥಿತಿಗೆ ಹೇಗೆ ಬರುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ "ಒಂದು ಚೂರು ಮಾಂಸ ನೋಡುವುದಕ್ಕೆ ನಾಲ್ಕೈದು ದಿನ ಯಾಕೆ?" ಎಂದು ಕೇಳದ ಮನೆಯಿಲ್ಲ. ದೇಹದಿಂದ ಬೇರ್ಪಟ್ಟ ಕ್ಷಣದಿಂದಲೇ ಅಂಗಾಂಶ ಕೊಳೆಯತೊಡಗುತ್ತದೆ. ಅದನ್ನು ತಡೆಯಲು ಫಾರ್ಮಲಿನ್ ಎಂಬ ದ್ರವದಲ್ಲಿ ಮುಳುಗಿಸುತ್ತಾರೆ. ಅನಂತರ ಮದ್ಯಸಾರದಲ್ಲಿ ಹಂತಹಂತವಾಗಿ ಅದರ ನೀರನ್ನು ತೆಗೆದು, ನೀರಿದ್ದ ಜಾಗಕ್ಕೆ ಕರಗಿದ ಮೇಣವನ್ನು ಊಡಿಸಿ, ಚಿಕ್ಕ ಮೇಣದ ಅಚ್ಚಾಗಿ ಮಾಡುತ್ತಾರೆ. ಆ ಅಚ್ಚನ್ನು ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಹೆರೆದಾಗ ಬರುವ ಪದರದ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಮೂರರಿಂದ ಐದರಷ್ಟು. ನಮ್ಮ ತಲೆಗೂದಲು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಇಷ್ಟು ತೆಳ್ಳಗಾದ ಪದರಕ್ಕೆ ಬಣ್ಣವಿಲ್ಲ, ಆದ್ದರಿಂದ ಬಣ್ಣ ಹಾಕಬೇಕು. ಮೆಕ್ಸಿಕೋ ಕಡೆಯ ಮರವೊಂದರ ಚೇಗಿನಿಂದ ಬಂದ ಹಿಮಟಾಕ್ಸಿಲಿನ್ ಜೀವಕೋಶದ ನಡುಬೀಜವನ್ನು ನೀಲಿಯಾಗಿಸುತ್ತದೆ. ಇಯೋಸಿನ್ ಸುತ್ತಲಿನ ಭಾಗವನ್ನು ನಸುಗೆಂಪಾಗಿಸುತ್ತದೆ. ಇಯೋಸ್ ಎಂದರೆ ಗ್ರೀಕರ ಅರುಣೋದಯದ ದೇವತೆ; ನಮ್ಮ ಉಷಸ್ಸಿಗೂ ಆ ಹೆಸರಿಗೂ ಒಂದೇ ಧಾತುವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಪ್ರಯೋಗಾಲಯದ ಸೀಸೆಯೊಳಗೆ ಉಷೆ ಕುಳಿತಿರುವುದನ್ನು ಕಂಡು ನನಗೆ ಸಂತೋಷವಾಯಿತೆಂಬ ಕಾರಣಕ್ಕೆ ಇದನ್ನು ಹೇಳಿದೆನೇ ಹೊರತು ಬೇರೆ ಪ್ರಯೋಜನವಿಲ್ಲ. ಮೂಳೆಯ ಚೂರಾದರೆ ಅದರ ಸುಣ್ಣದ ಅಂಶವನ್ನು ಮೊದಲು ಕರಗಿಸಿ ಮೆತ್ತಗೆ ಮಾಡಬೇಕಾದುದರಿಂದ ಇನ್ನೂ ಕೆಲವು ದಿನ ಹಿಡಿಯುತ್ತದೆ.

ಈಗ ಪೆಥಾಲಜಿಯ ವೈದ್ಯರು ನೋಡುತ್ತಾರೆ. ಏನನ್ನು? ಮತ್ತೆ ನೇಯ್ಗೆಯ ಮಾತನ್ನೇ ತೆಗೆದುಕೊಳ್ಳೋಣ. ಸೌಮ್ಯವಾದ ಗಂತಿಯಲ್ಲಿ ಎಳೆಗಳು ಹೆಚ್ಚಾಗಿದ್ದರೂ ಹಾಸುಹೊಕ್ಕಿನ ಕ್ರಮ ತಪ್ಪಿರುವುದಿಲ್ಲ. ಬಹುಮಟ್ಟಿಗೆ ಅಂಚು ಕಟ್ಟಿಕೊಂಡು ತನ್ನ ಮೇರೆಯಲ್ಲಿರುತ್ತದೆ. ಮಾರಕವಾದುದರಲ್ಲಿ ಕೋಶಗಳ ನಡುಬೀಜಗಳು ಒಂದೊಂದು ಒಂದೊಂದು ಗಾತ್ರ. ಕೋಶಗಳು ಇಬ್ಭಾಗವಾಗುವ ವೇಗ ಮಿತಿಮೀರಿರುತ್ತದೆ. ಎಲ್ಲಕ್ಕೂ ಮುಖ್ಯವಾಗಿ, ಅವು ಬೇಲಿ ದಾಟಿ ನೆರೆಯ ಅಂಗಾಂಶದೊಳಕ್ಕೆ ನುಗ್ಗಿರುತ್ತವೆ. ಸೂಜಿಯಿಂದ ಕೋಶಗಳನ್ನು ಮಾತ್ರ ಹೀರಿ ತೆಗೆದು ನೋಡುವ ಪರೀಕ್ಷೆಯೂ ಉಂಟು. ಅದು ಬೇಗನೆ ಆಗುತ್ತದೆ, ನೋವೂ ಕಡಮೆ. ಆದರೆ ಬೇಲಿ ದಾಟಿದೆಯೋ ಇಲ್ಲವೋ ಎಂಬುದು ಬಿಡಿ ಕೋಶಗಳಲ್ಲಿ ಕಾಣದು. ಕುತ್ತಿಗೆಯ ಥೈರಾಯಿಡ್ ಗಂಟುಗಳಲ್ಲಿ ಒಂದು ಜಾತಿಯನ್ನು ಸೂಜಿಯ ಪರೀಕ್ಷೆಯಿಂದ ತೀರ್ಮಾನಿಸಲಾಗದೆ, ಗಂಟನ್ನೇ ತೆಗೆದು ಅದರ ಹೊದಿಕೆಯನ್ನು ಪರೀಕ್ಷಿಸಬೇಕಾಗುವುದು ಇದೇ ಕಾರಣದಿಂದ. "ಒಮ್ಮೆ ಸೂಜಿ ಚುಚ್ಚಿದರು, ಮತ್ತೆ ಯಾಕೆ ಚೂರು ಕೇಳುತ್ತಾರೆ, ದುಡ್ಡಿಗಾಗಿಯೇ?" ಎಂದು ಕೇಳಿದವರಿಗೆ ನಾನು ಕೊಡುವ ಉತ್ತರವೂ ಇದೇ: ಬಿಡಿ ಅಕ್ಷರಗಳನ್ನು ಕಂಡವನಿಗೆ ವಾಕ್ಯ ಗೊತ್ತಾಗುವುದಿಲ್ಲ.

ಕತ್ತಿನ ಗಂಟುಗಳ ವಿಷಯ ನಮ್ಮ ಕಡೆ ಬಹಳ ಮುಖ್ಯ. ಅದು ಕ್ಷಯದ ಗಂಟಾಗಿರಬಹುದು. ದುಗ್ಧಗ್ರಂಥಿಯಲ್ಲೇ ಹುಟ್ಟುವ ಲಿಂಫೋಮ ಎಂಬ ಕ್ಯಾನ್ಸರಾಗಿರಬಹುದು. ಬಾಯಿಯಲ್ಲೋ ಗಂಟಲಲ್ಲೋ ಹುಟ್ಟಿದ ಕ್ಯಾನ್ಸರ್ ಅಲ್ಲಿಗೆ ಬಂದು ನೆಲೆಸಿರಬಹುದು. ಹೊರಗಿನಿಂದ ಮುಟ್ಟಿದರೆ ಮೂರೂ ಗಂಟೇ. ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಕ್ಷಯದಲ್ಲಿಯೂ ಉಂಟು, ಲಿಂಫೋಮದಲ್ಲಿಯೂ ಉಂಟು. ಆದರೆ ಚೂರಿನೊಳಗಿನ ನೋಟ ಬೇರೆ ಬೇರೆ. ಊಹೆಯ ಮೇಲೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗುತ್ತ ಕುಳಿತರೆ, ಗುಣವಾಗಬಹುದಾದ ಲಿಂಫೋಮ ಅಷ್ಟರಲ್ಲಿ ಮುಂದುವರಿದಿರುತ್ತದೆ. ಕ್ಯಾನ್ಸರೆಂದು ತಿಳಿದು ಕೈಚೆಲ್ಲಿ ಕುಳಿತರೆ, ಮಾತ್ರೆಯಿಂದ ವಾಸಿಯಾಗುವ ಕ್ಷಯದಿಂದಲೇ ಮನುಷ್ಯ ಸಾಯಬಹುದು. ಊತ ಇಳಿಯಲೆಂದು ಪರೀಕ್ಷೆಗೆ ಮೊದಲೇ ಸ್ಟಿರಾಯಿಡ್ ಕೊಟ್ಟರೆ ಲಿಂಫೋಮದ ಗುರುತು ಮಾಸಿಹೋಗಿ, ಚೂರನ್ನು ಓದುವುದೇ ಕಷ್ಟವಾಗುವುದೂ ಉಂಟು.

ಬಾಯಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಹಿರಿಯರು ಕ್ಷಮಿಸಬೇಕು. ಎಲೆಅಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಂಡೇ ಮಲಗುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೊಗೆಸೊಪ್ಪು ಬಿಟ್ಟು ಬರಿಯ ಅಡಿಕೆ ಹಾಕಿಕೊಂಡರೆ ಬಾಧಕವಿಲ್ಲವೆಂಬ ಸಮಾಧಾನವೂ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬಾಯೊಳಗೆ ಬಿಳಿಯದೋ ಕೆಂಪಗಿನದೋ ಮಚ್ಚೆ, ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು ಕಂಡರೆ ಅದು ಬಿಸಿಯಿಂದಾದ ಹುಣ್ಣೋ ಬೇರೆಯೋ ಎಂದು ನಾವು ಮನೆಯಲ್ಲಿ ಕುಳಿತು ವಾದಿಸಬೇಕಾಗಿಲ್ಲ. ಮರಗಟ್ಟುವ ಸೂಜಿಮದ್ದು ಕೊಟ್ಟು ಅಕ್ಕಿಕಾಳಿನಷ್ಟು ಚೂರು ತೆಗೆಯುತ್ತಾರೆ. ವಾದ ಅಲ್ಲಿ ತೀರುತ್ತದೆ.

ಈಗ ಬಹುಜನರ ಭಯಕ್ಕೆ ಬರೋಣ. "ಕತ್ತಿ ತಾಗಿದರೆ ಹರಡುತ್ತದೆ" ಎಂಬ ಮಾತು ಹೊಸೂರಿನ ಸಂತೆಯಿಂದ ಅಂಚೆಟ್ಟಿಯ ಕಾಡಂಚಿನವರೆಗೆ ಒಂದೇ ರೀತಿಯಾಗಿ ಕೇಳಿಬರುತ್ತದೆ. ಇದು ಹುಟ್ಟಿದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಜನ ಆಸ್ಪತ್ರೆಗೆ ಹೋಗುತ್ತಿದ್ದುದೇ ರೋಗ ಬಲಿತ ಮೇಲೆ. ಅಷ್ಟರಲ್ಲಿ ಅದು ಹರಡಿಯೇ ಇರುತ್ತಿತ್ತು. ಚೂರು ತೆಗೆಸಿದ ಕೆಲವು ತಿಂಗಳಲ್ಲಿ ಮನುಷ್ಯ ತೀರಿಕೊಂಡರೆ ಅಪವಾದ ಕತ್ತಿಯ ಮೇಲೆ ಬರುತ್ತಿತ್ತು. ಸ್ತನ, ಬಾಯಿ, ಕತ್ತು ಮುಂತಾದ ಕಡೆಗಳ ಸಾಮಾನ್ಯ ಗಂಟುಗಳಲ್ಲಿ ಕ್ರಮವಾಗಿ ತೆಗೆದ ಚೂರಿನಿಂದ ರೋಗ ಹರಡಿ ಆಯುಷ್ಯ ಕುಗ್ಗುತ್ತದೆಂಬುದಕ್ಕೆ ಆಧಾರವಿಲ್ಲ. ವೃಷಣದ ಗಂಟಿಗೆ ಸೂಜಿ ಚುಚ್ಚದೆ ಇಡಿಯಾಗಿಯೇ ತೆಗೆಯುತ್ತಾರೆಂಬುದೂ, ಮೂಳೆಯ ಮತ್ತು ಮಾಂಸಖಂಡದ ಕೆಲವು ಗಂತಿಗಳಲ್ಲಿ ಸೂಜಿ ಹೋದ ದಾರಿಯನ್ನು ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆಯಬೇಕಾಗುತ್ತದೆಂಬುದೂ ನಿಜ. ಆದ್ದರಿಂದ ಇಂಥ ಗಂಟುಗಳ ಚೂರನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಆಲೋಚಿಸಿ ತೆಗೆಯಬೇಕೆನ್ನುತ್ತಾರೆ. ಚೂರೇ ಬೇಡವೆನ್ನುವುದಕ್ಕೆ ಇದು ಕಾರಣವಾಗದು.

ಹೆದರಿಕೆಗಿಂತ ಹೆಚ್ಚು ಹಾನಿ ಮಾಡುವುದು ಉದಾಸೀನ. ನಮ್ಮ ಬಂಧುವರ್ಗದ ಒಬ್ಬ ಅತ್ತೆ, ತಳಿಯ ಕಡೆಯ ಹಳ್ಳಿಯವರು. ಎದೆಯಲ್ಲಿ ಗೋಲಿಯಷ್ಟು ಗಂಟು ಕಾಣಿಸಿತು. ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ತೆಗೆಸಿದರು; "ಬರೀ ಕೊಬ್ಬಿನ ಗಂಟು, ಪರೀಕ್ಷೆ ಏನೂ ಬೇಡ" ಎಂದು ಹೇಳಿ ಅದನ್ನು ಎಸೆದುಬಿಟ್ಟರು. ಪರೀಕ್ಷೆಯ ಕೆಲವು ನೂರು ರೂಪಾಯಿ ಉಳಿಯಿತೆಂದು ಮನೆಯವರಿಗೂ ನೆಮ್ಮದಿ. ವರ್ಷ ಕಳೆಯುವುದರೊಳಗೆ ಕಂಕುಳಲ್ಲಿ ಗಂಟುಗಳೆದ್ದವು. ಬೆಂಗಳೂರಿಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ: "ಮೊದಲು ತೆಗೆದ ಗಂಟಿನ ವರದಿ ಎಲ್ಲಿ?" ವರದಿಯಿರಲಿಲ್ಲ, ಗಂಟೂ ಇರಲಿಲ್ಲ. ಅದರ ಗಾತ್ರವೆಷ್ಟಿತ್ತು, ಅಂಚು ಶುದ್ಧವಾಗಿತ್ತೋ ಇಲ್ಲವೋ, ಯಾವ ಜಾತಿಯದು ಎಂಬ ಯಾವುದಕ್ಕೂ ಉತ್ತರವಿಲ್ಲದೆ ಕಂಕುಳಿನ ಚೂರಿನಿಂದಲೇ ಎಲ್ಲವನ್ನೂ ಆರಂಭಿಸಬೇಕಾಯಿತು. ಎರಡು ವರ್ಷ ಚಿಕಿತ್ಸೆ ನಡೆಯಿತು. ಅವರು ಈಗಿಲ್ಲ. ಮೊದಲೇ ಓದಿಸಿದ್ದರೆ ಉಳಿಯುತ್ತಿದ್ದರೆಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಒಂದು ವರ್ಷ ಮುಂಚೆಯೇ ತಿಳಿಯುತ್ತಿತ್ತು. ದೇಹದಿಂದ ತೆಗೆದುದು ಕಡಲೆಯಷ್ಟೇ ಇರಲಿ, "ಇದನ್ನು ಪರೀಕ್ಷೆಗೆ ಕಳುಹಿಸುತ್ತೀರಲ್ಲವೇ?" ಎಂದು ಕೇಳುವ ಹಕ್ಕು ಮನೆಯವರಿಗಿದೆ. ಕೇಳಬೇಕು.

ಚೂರು ಹೇಳುವುದು ಇದೆ, ಇಲ್ಲ ಎಂಬುದನ್ನು ಮಾತ್ರವಲ್ಲ. ಸ್ತನದ ಗಂತಿಯಾದರೆ, ವಿಶೇಷ ಬಣ್ಣಗಳಿಂದ ಅದೇ ಚೂರಿನಲ್ಲಿ ಹಾರ್ಮೋನಿನ ಗ್ರಾಹಕಗಳಿವೆಯೇ, ಹರ್-ಟೂ ಎಂಬ ಪ್ರೋಟೀನು ಹೆಚ್ಚಿದೆಯೇ ಎಂದು ನೋಡುತ್ತಾರೆ. ಗ್ರಾಹಕಗಳಿದ್ದರೆ ಟಾಮಾಕ್ಸಿಫೆನ್ ಜಾತಿಯ ಮಾತ್ರೆ ಕೆಲಸಮಾಡುತ್ತದೆ. ಇಲ್ಲದಿದ್ದರೆ ಆ ಮಾತ್ರೆಯಿಂದ ಪ್ರಯೋಜನವಿಲ್ಲ. ಒಂದೇ ಹೆಸರಿನ ರೋಗಕ್ಕೆ ಪಕ್ಕದ ಮನೆಯವರಿಗೆ ಕೊಟ್ಟ ಔಷಧ ನಮಗೇಕೆ ಕೊಡಲಿಲ್ಲವೆಂಬ ಜಗಳಕ್ಕೆ ಉತ್ತರವಿರುವುದು ಮೇಣದ ಆ ಅಚ್ಚಿನಲ್ಲಿ.

ಚೂರೂ ತಪ್ಪು ಹೇಳುವುದುಂಟೇ ಎಂದು ಕೇಳಬಹುದು. ಜಗತ್ತಿನ ಚರಿತ್ರೆಯಲ್ಲೇ ಪ್ರಸಿದ್ಧವಾದ ಒಂದು ನಿದರ್ಶನವಿದೆ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್ಕನ ಧ್ವನಿ ಒಡೆಯಿತು. ಅಲ್ಲಿನ ಶಸ್ತ್ರವೈದ್ಯರು ಗಂಟಲಿನ ಕ್ಯಾನ್ಸರೆಂದು ಸಂಶಯಪಟ್ಟು ಶಸ್ತ್ರಚಿಕಿತ್ಸೆಗೆ ಸಿದ್ಧರಾದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಝಿ ಎಂಬ ವೈದ್ಯನು ಗಂಟಲಿನಿಂದ ಚೂರುಗಳನ್ನು ತೆಗೆದು, ನಾನು ಆಗಲೇ ಹೆಸರಿಸಿದ ವಿರ್ಚೋ ಮಹಾಶಯನಿಗೇ ಕಳುಹಿಸಿದನು. ಕ್ಯಾನ್ಸರಿನ ಗುರುತು ಕಾಣದೆಂದು ವಿರ್ಚೋ ಬರೆದನು. ಶಸ್ತ್ರಚಿಕಿತ್ಸೆ ನಿಂತಿತು. 1888ರ ಮಾರ್ಚಿಯಲ್ಲಿ ಚಕ್ರವರ್ತಿಯಾದ ಫ್ರೆಡರಿಕ್ ಆಳಿದುದು 99 ದಿನ. ಜೂನ್ 15ರಂದು ತೀರಿಕೊಂಡನು. ಶವಪರೀಕ್ಷೆಯಲ್ಲಿ ಕಂಡುದು ಕ್ಯಾನ್ಸರೇ. ಅವನ ನಂತರ ಸಿಂಹಾಸನವೇರಿದ ಮಗನ ಕಾಲದಲ್ಲಿ ಮೊದಲನೆಯ ಮಹಾಯುದ್ಧ ನಡೆಯಿತಾದುದರಿಂದ ಚರಿತ್ರಕಾರರು ಆ ಚೂರುಗಳ ಬಗ್ಗೆ ಇಂದಿಗೂ ಚರ್ಚಿಸುತ್ತಾರೆ. ವಿರ್ಚೋ ಓದಿದುದು ತನ್ನ ಮುಂದಿದ್ದ ಚೂರನ್ನು, ಗಂಟಲಿನಲ್ಲಿ ಉಳಿದುದನ್ನಲ್ಲ. ಪೆಥಾಲಜಿಯ ವೈದ್ಯರು ವರದಿಯ ಕೊನೆಯಲ್ಲಿ "ರೋಗಿಯ ಲಕ್ಷಣಗಳೊಡನೆ ಹೋಲಿಸಿ ನೋಡಿರಿ" ಎಂಬರ್ಥದ ಸಾಲನ್ನು ಬರೆಯುವುದು ಇದಕ್ಕಾಗಿಯೇ. ಚೂರು ಸಾಲದೆಂದು ಎರಡನೆಯ ಸಲ ಕೇಳಿದರೆ ಕೋಪಿಸಿಕೊಳ್ಳಬಾರದು.

ಇನ್ನು ಗಂತಿಯಲ್ಲದಿದ್ದರೂ ಗಂತಿಯಂತೆಯೇ ಕಾಡುವ ಇನ್ನೊಂದು ವಿಷಯ. ಸೊಂಟದ ಕೀಲನ್ನೂ ಮಂಡಿಯನ್ನೂ ಬದಲಾಯಿಸಿಕೊಂಡ ಹಿರಿಯರು ಈಗ ನಮ್ಮ ನಡುವೆ ಅನೇಕರಿದ್ದಾರೆ; ಈ ಸಭೆಯಲ್ಲಿಯೂ ಇಬ್ಬರು ಮೂವರು ಕುಳಿತಿರುವುದು ಕಾಣುತ್ತಿದೆ. ಬಹುಮಂದಿಗೆ ಅದು ವರ್ಷಗಟ್ಟಲೆ ಸುಖ ಕೊಡುತ್ತದೆ. ಕೆಲವರಿಗೆ ಮಾತ್ರ ಕೆಲವು ವರ್ಷಗಳ ಮೇಲೆ ನೋವು, ಊತ, ಸಡಿಲಿಕೆ. ಕಾರಣವೇನು? ಒಳಗೆ ಸೋಂಕು ಸೇರಿರಬಹುದು. ಕೀಲು ಉಜ್ಜಿ ಉಜ್ಜಿ ಉದುರಿದ ಪುಡಿಗೆ ದೇಹ ಕೆರಳಿರಬಹುದು. ಎಕ್ಸ್‌ರೇಯಲ್ಲಿ ಎರಡೂ ಒಂದೇ ರೀತಿಯ ಸಡಿಲಿಕೆಯಾಗಿ ತೋರಬಹುದು. ಚಿಕಿತ್ಸೆಯಾದರೋ ಬೇರೆ ಬೇರೆ: ಪುಡಿಯ ತೊಂದರೆಯಾದರೆ ಒಂದೇ ಸಲಕ್ಕೆ ಹೊಸ ಕೀಲನ್ನು ಕೂಡಿಸಬಹುದು; ಸೋಂಕಾದರೆ ಅನೇಕ ವೇಳೆ ಹಳೆಯದನ್ನು ತೆಗೆದು, ತಿಂಗಳುಗಟ್ಟಲೆ ಔಷಧ ಕೊಟ್ಟು, ಆಮೇಲೆ ಹೊಸದನ್ನಿಡಬೇಕು. ಆದ್ದರಿಂದ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಕೀಲಿನ ಸುತ್ತಣ ಪೊರೆಯ ಚೂರನ್ನು ಹಿಮಗಟ್ಟಿಸಿ, ಹೆರೆದು, ಅರ್ಧ ಗಂಟೆಯೊಳಗೆ ಓದುವ ಕ್ರಮವಿದೆ. ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ಹೆಚ್ಚು ಶಕ್ತಿಯ ಮಸೂರದಲ್ಲಿ ಒಂದೊಂದು ನೋಟಕ್ಕೆ ಐದಕ್ಕಿಂತ ಹೆಚ್ಚಾಗಿ, ಕಡೆಯ ಪಕ್ಷ ಐದು ನೋಟಗಳಲ್ಲಿ ಕಂಡರೆ ಸೋಂಕಿನ ಶಂಕೆ ಬಲವಾಗುತ್ತದೆ. ಆ ಕಣಗಳಿಲ್ಲದೆ, ಹಲವು ನಡುಬೀಜಗಳ ದೊಡ್ಡ ಕೋಶಗಳು ಏನನ್ನೋ ನುಂಗಿಕೊಂಡು ಕುಳಿತಿದ್ದರೆ ಅದು ಸವೆತದ ಪುಡಿ. ಪ್ಲಾಸ್ಟಿಕ್ಕಿನ ಪುಡಿ ಧ್ರುವೀಕೃತ ಬೆಳಕಿನಲ್ಲಿ ಮಿನುಗುತ್ತದೆ. ಲೋಹದ ಪುಡಿ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ.

ಈ ಜ್ಞಾನ ಬಂದ ಬಗೆ ರೋಚಕವಾದುದು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು 1950ರ ದಶಕದ ಕೊನೆಯಿಂದ ಸೊಂಟದ ಕೀಲಿನ ಬಟ್ಟಲನ್ನು ಟೆಫ್ಲಾನಿನಿಂದ ಮಾಡಿ ಸುಮಾರು 300 ಮಂದಿಗೆ ಕೂಡಿಸಿದರು. ಮೊದಲು ಎಲ್ಲರೂ ಹೊಗಳಿದರು. ಎರಡು ಮೂರು ವರ್ಷಗಳಲ್ಲಿ ಬಟ್ಟಲುಗಳು ಸವೆದವು. ಸುತ್ತ ಗಿಣ್ಣಿನಂಥ ಗಡ್ಡೆ ಕಟ್ಟಿ ಮೂಳೆಯನ್ನೇ ತಿಂದಿತು. ಒಬ್ಬೊಬ್ಬರನ್ನೇ ಮತ್ತೆ ಕೊಯ್ದು ತೆಗೆಯಬೇಕಾಯಿತು. ಆಮೇಲೆ ಪಾಲಿಥೀನಿನ ಒಂದು ಜಾತಿ ದೊರೆತಾಗ ಆ ವೈದ್ಯರು ಮಾಡಿದುದೇನೆಂದರೆ, ಅದನ್ನೂ ಟೆಫ್ಲಾನನ್ನೂ ತಮ್ಮ ತೊಡೆಯೊಳಗೇ ಇರಿಸಿಕೊಂಡು ತಿಂಗಳುಗಟ್ಟಲೆ ಕಾದರು. ಟೆಫ್ಲಾನಿದ್ದ ಕಡೆ ಗಂಟು ಕೈಗೆ ಸಿಕ್ಕಿತು. ಪಾಲಿಥೀನಿದ್ದ ಕಡೆ ಅಂಥದೇನೂ ಆಗಲಿಲ್ಲ. ಇದನ್ನು 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೋಕದಲ್ಲಿ ಇಂದು ಲಕ್ಷಾಂತರ ಜನರನ್ನು ನಡೆಸುತ್ತಿರುವ ಕೀಲು ಆ ತೊಡೆಯ ಋಣದಲ್ಲಿದೆ.

ಆದರೂ ಪಾಠ ಮರೆತುಹೋಗುತ್ತದೆ. ಲೋಹಕ್ಕೆ ಲೋಹವೇ ಉಜ್ಜುವಂತೆ ಮಾಡಿದ ಎ.ಎಸ್.ಆರ್. ಎಂಬ ಸೊಂಟದ ಕೀಲನ್ನು ಅದರ ತಯಾರಕರು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಭಾರತದಲ್ಲಿಯೂ ಸಾವಿರಾರು ಮಂದಿಗೆ ಅದನ್ನು ಕೂಡಿಸಿದ್ದರು. ಪರಿಹಾರದ ವಿಚಾರ ಕೇಂದ್ರ ಸರ್ಕಾರದವರೆಗೂ ಹೋಯಿತು. ಇಂಥ ಲೋಹದ ಕೀಲುಗಳ ಸುತ್ತ ಕೆಲವರಲ್ಲಿ ಬೆಳೆದ ಗಡ್ಡೆ ಸ್ಕ್ಯಾನಿನಲ್ಲಿ ಗಂತಿಯಂತೆಯೇ ತೋರಿತು. ಚೂರನ್ನು ಓದಿದಾಗ ಸತ್ತ ಅಂಗಾಂಶ, ಲೋಹದ ಪುಡಿ, ರಕ್ತನಾಳಗಳ ಸುತ್ತ ಮುತ್ತಿಕೊಂಡ ಲಿಂಫೋಸೈಟುಗಳು ಕಂಡವೇ ಹೊರತು ಕ್ಯಾನ್ಸರ್ ಕಾಣಲಿಲ್ಲ. ವೈದ್ಯರು ಅದಕ್ಕೆ ಕೊಟ್ಟ ಹೆಸರನ್ನು ಕನ್ನಡದಲ್ಲಿ ಹುಸಿಗಂತಿ ಎನ್ನಬಹುದು. ಕೀಲು ಬದಲಾಯಿಸಿಕೊಂಡವರು ಆಗ ಕೊಟ್ಟ ಚೀಟಿಯನ್ನು, ಅದರಲ್ಲಿ ಅಂಟಿಸಿರುವ ಕೀಲಿನ ಹೆಸರು ಮತ್ತು ಸಂಖ್ಯೆಯ ಪಟ್ಟಿಯನ್ನು, ಜಮೀನಿನ ಪತ್ರದಂತೆ ಜೋಪಾನಮಾಡಬೇಕು.

ಗಡಿಯವರಾದ ನಮಗೆ ಇದರಲ್ಲೊಂದು ಪ್ರತ್ಯೇಕ ತೊಡಕಿದೆ. ಕೃಷ್ಣಗಿರಿಯಲ್ಲಿ 2022ರ ಜನವರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಯಿತು. ಧರ್ಮಪುರಿಯದು 2008ರಿಂದ ಇದೆ. ಆದರೂ ನಮ್ಮಲ್ಲಿ ಬಹುಮಂದಿ ಹೊರಡುವುದು ಸುಮಾರು 40 ಕಿಲೋಮೀಟರು ದೂರದ ಬೆಂಗಳೂರಿಗೆ. ಅಲ್ಲಿ ನಮ್ಮೂರಿನ ಹೆಸರನ್ನೇ ಹೊತ್ತ ಹೊಸೂರು ರಸ್ತೆಯಲ್ಲಿ, 1973ರಲ್ಲಿ ಆರಂಭವಾದ ಕಿದ್ವಾಯಿ ಗಂತಿ ಆಸ್ಪತ್ರೆಯೂ ನಿಮ್ಹಾನ್ಸ್ ಸಂಸ್ಥೆಯೂ ಹತ್ತಿರ ಹತ್ತಿರದಲ್ಲಿಯೇ ಇವೆ. ನಿಮ್ಹಾನ್ಸಿನಲ್ಲಿ ಮೆದುಳಿನ ಅಂಗಾಂಶಗಳನ್ನು ಸಂಶೋಧನೆಗಾಗಿ ಕಾಪಾಡಿಡುವ ಮೆದುಳು ಬ್ಯಾಂಕೂ ಇದೆ. ಕಿದ್ವಾಯಿಯ ಹೆಸರಿನಲ್ಲಿ ಗಂತಿ ಎಂಬ ಮಾತು ನಿಂತಿರುವುದು ನನಗೆ ಹೆಮ್ಮೆಯ ವಿಷಯ.

ಎಷ್ಟೋ ಸಲ ಚೂರಿನ ಸೀಸೆಯನ್ನು ಮನೆಯವರ ಕೈಗೇ ಕೊಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸಲು ಹೇಳುತ್ತಾರೆ. ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುವವರು ನೆನಪಿಡಬೇಕಾದುದು ಸ್ವಲ್ಪವೇ. ಸೀಸೆಯಲ್ಲಿರಬೇಕಾದುದು ಫಾರ್ಮಲಿನ್; ನೀರಲ್ಲ, ಉಪ್ಪುನೀರಿನ ಗ್ಲೂಕೋಸೂ ಅಲ್ಲ. ಚೂರಿನ ಹತ್ತು ಪಟ್ಟಾದರೂ ದ್ರವವಿರಬೇಕು. "ಕೆಡದಿರಲಿ" ಎಂದು ಫ್ರಿಜ್ಜಿನ ಮಂಜಿನಲ್ಲಿಡಬಾರದು. ಮೂರು ದಿನ ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ಒಳ್ಳೆಯ ದಿನ ನೋಡಿ ಹೊರಟವರನ್ನು ನಾನು ಬಲ್ಲೆ. ಚೂರು ಮುಹೂರ್ತ ಕಾಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಹೆಸರಿನ ವಿಷಯ. ಇದು ನೇರವಾಗಿ ನನ್ನ ಕಸುಬಿಗೆ ಸೇರಿದ್ದು. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ, ಪಕಾರಕ್ಕೂ ಬಕಾರ ಭಕಾರಗಳಿಗೂ ಒಂದೇ. ನಮ್ಮ ಗಂಗಮ್ಮ ಒಂದು ಆಸ್ಪತ್ರೆಯ ಚೀಟಿಯಲ್ಲಿ ಕಂಗಮ್ಮಳಾಗುತ್ತಾಳೆ, ಭಾಗ್ಯಮ್ಮ ಪಾಕ್ಯಮ್ಮಳಾಗುತ್ತಾಳೆ. ತಂದೆಯ ಹೆಸರಿನ ಮೊದಲ ಅಕ್ಷರ ಇಲ್ಲೊಂದು, ಗಂಡನದು ಅಲ್ಲೊಂದು. ಬೆಂಗಳೂರಿನವರು ಕನ್ನಡದಂತೆ ಗಕಾರದಿಂದ ಬರೆದುಕೊಳ್ಳುತ್ತಾರೆ. ಗಾಜಿನ ಪಟ್ಟಿಕೆಯ ಮೇಲೊಂದು ಹೆಸರು, ವರದಿಯಲ್ಲೊಂದು, ಆಧಾರ್ ಚೀಟಿಯಲ್ಲಿ ಮೂರನೆಯದು! ಇಬ್ಬರು ಗಂಗಮ್ಮಂದಿರ ಚೂರುಗಳು ಅದಲುಬದಲಾದರೆ ಆಗುವ ಅನರ್ಥವನ್ನು ನಾನು ವಿವರಿಸಬೇಕಾಗಿಲ್ಲ. ಮೊದಲ ಚೀಟಿಯಲ್ಲಿ ಯಾವ ಕಾಗುಣಿತವೋ ಕೊನೆಯವರೆಗೂ ಅದೇ ಇರುವಂತೆ ನೋಡಿಕೊಳ್ಳಿರಿ. ಸೀಸೆಯ ಮೇಲಿನ ಹೆಸರನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಓದಿರಿ. ಇಂಗ್ಲಿಷ್ ಓದುವ ನಮ್ಮ ಎಂಟನೆಯ ತರಗತಿಯ ಮಕ್ಕಳಿಂದಲೂ ಇದು ಸಾಧ್ಯ.

ವರದಿ ಓದುವುದರಲ್ಲಿ ಇನ್ನೊಂದು ಮೋಸವಿದೆ. ಒಬ್ಬ ತಂದೆ ಕಣ್ಣೀರಿಡುತ್ತ ನನ್ನ ಬಳಿ ಬಂದರು; ಕಾಗದದಲ್ಲಿದ್ದುದು "ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ". ಮ್ಯಾಲಿಗ್ನೆನ್ಸಿ ಎಂಬ ಮಾತು ಯಾರೋ ಹೇಳಿ ಗೊತ್ತಿತ್ತು, ನೆಗೆಟಿವ್ ಎಂದರೆ ಕೆಟ್ಟದ್ದೆಂದು ತಿಳಿದಿದ್ದರು. ಕೆಟ್ಟ ಗಂತಿ ಕಂಡುಬರಲಿಲ್ಲವೆಂಬುದೇ ಅದರ ಅರ್ಥವೆಂದು ಹೇಳುವುದರೊಳಗೆ ನನ್ನ ಗಂಟಲೂ ಕಟ್ಟಿತು. ಇನ್ನೊಂದು ಮನೆಯಲ್ಲಿ ಇದಕ್ಕೆ ವಿರುದ್ಧ. "ಮಾರ್ಜಿನ್ ಪಾಸಿಟಿವ್" ಎಂದಿತ್ತು. ಪಾಸಿಟಿವ್ ಎಂದರೆ ಒಳ್ಳೆಯದೆಂದು ಸಿಹಿ ಹಂಚಿದ್ದರು. ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೆಂಬುದು ಅದರ ಅರ್ಥ. ಮತ್ತೆ ವೈದ್ಯರಲ್ಲಿಗೆ ಹೋಗಬೇಕಾದ ದಿನಗಳು ಹಾಗೆಯೇ ಕಳೆಯುತ್ತಿದ್ದವು.

ವರದಿಯ ಕಾಗದವೇ ಕೊನೆಯಲ್ಲವೆಂಬುದನ್ನೂ ಹೇಳಬೇಕು. ಮೇಣದ ಅಚ್ಚುಗಳನ್ನೂ ಗಾಜಿನ ಪಟ್ಟಿಕೆಗಳನ್ನೂ ಪ್ರಯೋಗಾಲಯಗಳು ವರ್ಷಗಟ್ಟಲೆ ಇಟ್ಟಿರುತ್ತವೆ. ಬೇರೆ ಆಸ್ಪತ್ರೆಗೆ ಹೋಗುವಾಗ ಅರ್ಜಿ ಕೊಟ್ಟು ಅವನ್ನು ಪಡೆದು ಎರಡನೆಯವರಿಂದ ಓದಿಸಬಹುದು. ಹಾಗೆ ಮಾಡಿದರೆ ಮೊದಲನೆಯ ವೈದ್ಯರಿಗೆ ಅವಮಾನವಾಗುತ್ತದೆಂದು ಸಂಕೋಚಪಡಬೇಕಾಗಿಲ್ಲ; ದೊಡ್ಡ ಆಸ್ಪತ್ರೆಗಳು ತಾವಾಗಿಯೇ ಅವನ್ನು ತರಹೇಳುವುದು ವಾಡಿಕೆ. ಅಚ್ಚು ಕೈಯಲ್ಲಿದ್ದರೆ ಮತ್ತೊಮ್ಮೆ ಮೈ ಕೊಯ್ಯಿಸಿಕೊಳ್ಳದೆಯೇ ಹೊಸ ಪರೀಕ್ಷೆಗಳನ್ನು ಮಾಡಿಸಬಹುದು. ಮೇಣವಾದುದರಿಂದ ಅದನ್ನು ಬಿಸಿಲಿಗಿಡಬಾರದೆಂಬುದಷ್ಟೆ ಎಚ್ಚರ.

ವರದಿಗಳಲ್ಲಿ ಪದೇ ಪದೇ ಬರುವ ಇಪ್ಪತ್ತು ಇಂಗ್ಲಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥ ಕೊಟ್ಟು, ಒಬ್ಬ ವೈದ್ಯಮಿತ್ರರಿಂದ ತಿದ್ದಿಸಿ ಒಂದು ಹಾಳೆ ಸಿದ್ಧಪಡಿಸಿದ್ದೇನೆ. ಅದನ್ನು ಸಂಘದ ವಾಚನಾಲಯದ ಬಾಗಿಲ ಪಕ್ಕ ತೂಗುಹಾಕಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಬೇಕಾದವರು ನಕಲು ಮಾಡಿಕೊಳ್ಳಬಹುದು; ಹಾಳೆಯಲ್ಲಿಲ್ಲದ ಮಾತು ಬಂದರೆ ಭಾನುವಾರ ಬೆಳಗ್ಗೆ ಹತ್ತು ಗಂಟೆಯ ಮೇಲೆ ನಾನು ಅಲ್ಲಿಯೇ ಇರುತ್ತೇನೆ.